ಮೂಲೆಯಲ್ಲೊಂದು ಹೆಬ್ಬೆರಳು

"ಹಳೆ ಸರ್ವರ್ ಆಫ್ ಮಾಡ್ಲಾ ಮೇಡಂ?" ಸ್ವಿಚ್ಚಿನ ಮೇಲೆ ಕೈಯಿಟ್ಟು ಎಂಜಿನಿಯರ್ ಕೇಳಿದ. ಸಂಸ್ಥೆಯ ವೆಬ್‌ಸೈಟು, ಸಂಶೋಧನಾ ವರದಿಗಳು ಎಲ್ಲವೂ ಕ್ಲೌಡ್ ಸೇರಿಯಾಗಿತ್ತು.

"ಸ್ವಲ್ಪ ತಡೀರಿ," ಎಂದು ಗ್ರಂಥಪಾಲಕಿ ಹೊಸ ತಾಣದಲ್ಲಿ ಹಳೆಯ ವರದಿಯೊಂದನ್ನು ತೆರೆದಳು. ಹಳೆಯ ವರದಿಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದು ಅವಳಿಗೆ ಕೆಲಸ ಕಲಿಸಿದ ಹಿರಿಯರು. ಹೋದ ವರ್ಷ ತೀರಿಕೊಂಡಿದ್ದರು. ಪ್ರತಿ ಪುಟದ ಜೊತೆ ಅವರ ಹೆಬ್ಬೆರಳೂ ಸ್ಕ್ಯಾನಾಗುತ್ತಿತ್ತೆಂದು ಎಲ್ಲರೂ ನಗುತ್ತಿದ್ದರು. ಈ ಪುಟಗಳಲ್ಲಿ ಬೆರಳೇ ಇರಲಿಲ್ಲ. "ಮೂಲೆಯಲ್ಲಿದ್ದ ಬೆರಳೆಲ್ಲಿ?" ಎಂದಳು.

"ಕಲೆಗಿಲೆ ಎಲ್ಲ ಸಾಫ್ಟ್‌ವೇರೇ ತೆಗೀತು," ಎಂದವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಮೂಲ ಸ್ಕ್ಯಾನ್ ಪುಟಗಳನ್ನೂ ಹೊಸ ತಾಣದಲ್ಲೇ ಪಕ್ಕಕ್ಕೆ ಇಟ್ಟಿದೀನಿ ಮೇಡಂ. ಯಾರ ಬೆರಳೋ ಗೊತ್ತಿಲ್ಲ. ಅಷ್ಟೊಂದು ಪುಟ ಹಿಡಿದ ಕೈ ಅಲ್ವಾ, ಅಳಿಸೋಕೆ ಮನಸ್ಸು ಬರ್ಲಿಲ್ಲ."

ಅವಳು ಮೂಲ ಪುಟವನ್ನು ತೆರೆದಳು. ಉಗುರು ಕಪ್ಪಾದ ಆ ಹೆಬ್ಬೆರಳು ಮೂಲೆಯಲ್ಲಿ ಹಾಗೇ ಪುಟ ಒತ್ತಿ ಹಿಡಿದಿತ್ತು.

"ಈಗ ಆಫ್ ಮಾಡಪ್ಪ," ಎಂದಳು.