ಸಾಲುಮನೆಯ ಗೋಡೆ

ಅತ್ತೆ ಲಟ್ಟಣಿಗೆ ಎತ್ತಿ ಅಡುಗೆಮನೆಯ ಗೋಡೆಯನ್ನು ದಬದಬ ಬಡಿದಳು. ತುಂಬು ಬಸುರಿ ಸೊಸೆ ನೆಲದ ಮೇಲೆ ಹೊಟ್ಟೆ ಹಿಡಿದು ಒದ್ದಾಡುತ್ತಿದ್ದಳು, ಬಟ್ಟೆಯೆಲ್ಲ ರಕ್ತ. ಮೊನ್ನೆಯವರೆಗೆ ಇದ್ದ ಪೇಟೆಯ ಸಾಲುಮನೆಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಬಡಿದರೆ ಸಾಕು, ಪಕ್ಕದ ಮನೆಯ ದರ್ಜಿಯ ಹೆಂಡತಿ ಕೈಯಲ್ಲಿದ್ದ ಸೌಟಿನ ಸಮೇತ ಓಡಿಬರುತ್ತಿದ್ದಳು.

“ಯಾರನ್ನ ಕರೀತಿದ್ದೀರಿ ಅತ್ತೆ? ಆ ಕಡೆ ಬರೀ ಹುಲ್ಲು,” ಎಂದು ಸೊಸೆ ನರಳಿದಳು. “ಇರೋ ಒಂದು ಫೋನೂ ನಿಮ್ಮ ಮಗನ ಜೇಬಲ್ಲಿದೆ.”

“ಹೆದರಬೇಡ ಕಣೇ, ಈಗ ಬಂದೆ,” ಎನ್ನುತ್ತ ಅತ್ತೆ ಬರಿಗಾಲಲ್ಲೇ ಹೊರಗೆ ಓಡಿದಳು. ಊರಾಚೆಯ ಹೊಸ ಬಡಾವಣೆ. ಒಂದೊಂದು ಮನೆಗೂ ಸುತ್ತ ಕಾಂಪೌಂಡು, ಗೇಟಿಗೆ ಬೀಗ. ಒಂದನ್ನು ಬಡಿದಳು, ಇನ್ನೊಂದನ್ನು ಬಡಿದಳು, ತಿರುವು ದಾಟಿ, ಮತ್ತೊಂದು ತಿರುವು ದಾಟಿ, ಸೊಸೆಗೆ ರಕ್ತ ಹೋಗ್ತಿದೆ ಎಂದು ಅಳುತ್ತ ಕೂಗುತ್ತ ಬಡಿಯುತ್ತಲೇ ಹೋದಳು. ಕೊನೆಗೊಬ್ಬ ಗಂಡಸು ಕಾರಿನ ಕೀಲಿ ಹಿಡಿದೇ ಹೊರಬಂದ.

“ಅಳಬೇಡಿ ತಾಯಿ, ಹತ್ತಿ ಕೂತ್ಕೊಳ್ಳಿ. ಆಸ್ಪತ್ರೆ ಹತ್ರಾನೇ ಇದೆ. ನಿಮ್ಮ ಮನೆ ಯಾವುದು?”

ಅತ್ತೆ ತಿರುಗಿ ಕೈ ಎತ್ತಿದಳು. ಕಣ್ಣು ಹಾಯುವಷ್ಟು ದೂರವೂ ಅದೇ ಬಿಳಿ ಗೋಡೆ, ಅದೇ ಕರಿ ಗೇಟು, ಅದೇ ಕೆಂಪು ಹೆಂಚು. ಬೆರಳು ಒಂದು ಮನೆಯತ್ತ ಹೋಯಿತು, ಇನ್ನೊಂದರತ್ತ ಹೋಯಿತು, ಆಮೇಲೆ ಗಾಳಿಯಲ್ಲೇ ನಿಂತಿತು.