ಅರ್ಧ ಸೌಟು

ನಳಿನಿ ಸೌಟು ಎತ್ತಿ ಹಿಡಿದಿದ್ದಳು. ಮುಂದೆ ತಟ್ಟೆಯೇ ಇರಲಿಲ್ಲ. ಸಾಲು ಪೂರ್ತಿ ದ್ರೌಪದಿಯ ರೊಟ್ಟಿ ಬುಟ್ಟಿಯ ಕಡೆ ತಿರುಗಿತ್ತು. ವರ್ತಕ ನಗರದ ಈ ಕಟ್ಟಡದ ಕೆಲಸಗಾರರಿಗೆ ಮೂರು ವರ್ಷದಿಂದ ಪ್ರತಿ ಗುರುವಾರ ರಾಯರ ಹೆಸರಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದವಳು ನಳಿನಿ. ಹೋದ ವಾರದವರೆಗೆ ಇದೇ ಸಾಲಿನಲ್ಲಿ ನಿಂತು ಉಂಡಿದ್ದ ಗಾರೆ ಕೆಲಸದ ದ್ರೌಪದಿ, ಇವತ್ತು ತಾನೂ ಸೇವೆ ಮಾಡುತ್ತೇನೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು.

“ನಮ್ಮವ್ವನ ಕೈರುಚಿ ನೆನಪಾತು ನೋಡ್ರಿ!” ಎಂದು ಯಾರೋ ಕೂಗಿದರು. ನಳಿನಿಯ ಬಾತಿಗೆ ಇಂಥ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ.

“ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದೀಯಲ್ಲ?” ಎಂದಳು ನಳಿನಿ. “ಪ್ರಸಾದದ ಪಕ್ಕ ಇಡಬಾರದು. ಆ ಕಡೆ ಹೋಗು.”

“ತಪ್ಪಾತ್ರಿ ಅಕ್ಕಾರ, ಗೊತ್ತಿರಲಿಲ್ಲ.” ದ್ರೌಪದಿ ಬುಟ್ಟಿ ಎತ್ತಿಕೊಂಡು ಸಿಮೆಂಟ್ ಚೀಲಗಳ ಆಚೆ ಹೋದಳು. ಸಾಲೂ ಅವಳ ಹಿಂದೆಯೇ ಹೋಯಿತು.

ಬುಟ್ಟಿ ಬರಿದಾದ ಮೇಲೆ, ತನಗೊಂದು ರೊಟ್ಟಿಯನ್ನೂ ಉಳಿಸಿಕೊಳ್ಳದ ದ್ರೌಪದಿ ತಟ್ಟೆ ಹಿಡಿದು ಬಂದಳು. ಮೇಜಿನ ಮೇಲಿದ್ದ ಎತ್ತರದ ಪಾತ್ರೆಯೊಳಗೆ ಕೈ ಇಳಿಸಿ ನಳಿನಿ ಅರ್ಧ ಸೌಟು ಬಡಿಸಿದಳು.

ದ್ರೌಪದಿ ತಟ್ಟೆಯನ್ನೊಮ್ಮೆ ನೋಡಿದಳು. “ಪ್ರಸಾದ ತೀರಲಿಕ್ಕೆ ಬಂದದೇನ್ರಿ? ನೀವಿನ್ನಾ ಉಂಡಿಲ್ಲಲ್ರಿ ಅಕ್ಕಾರ. ಇದು ನಿಮಗಿರಲಿ,” ಎಂದು ಅದನ್ನು ನಳಿನಿಯ ಮುಂದಿಟ್ಟಳು.

ನಳಿನಿ ಇನ್ನೂ ಮುಕ್ಕಾಲು ತುಂಬಿದ್ದ ಪಾತ್ರೆಯ ಮೇಲೆ ಮೆಲ್ಲಗೆ ಮುಚ್ಚಳ ಎಳೆದಳು.