ಚಳಿಗಾಲದ ಜಿಡ್ಡು

ವರ್ಲಿನ್ ಡಬ್ಬಿಗೆ ಬೆರಳು ಹಾಕಿದರೆ, ಕೆಂಟಕಿಯ ಜನವರಿ ಚಳಿಗೆ ಜಿಡ್ಡು ಕಲ್ಲಾಗಿ ಕೂತಿತ್ತು. ಕೋವಿಯ ನಳಿಗೆಗೆ ಮದ್ದು ಸುರಿದಾಗಿತ್ತು, ಸೀಸದ ಗುಂಡು ಅಂಗೈಯಲ್ಲೇ ಇತ್ತು. ಜಿಡ್ಡು ಸವರದೆ ಮೂತಿಯಿಂದ ತಳ್ಳಿದರೆ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಉಗುರಿನಿಂದ ಕೆರೆದ. ಉಗುರೇ ನೊಂದಿತು.

"ಜೂನಿಗೂ ಜನವರಿಗೂ ಒಂದೇ ಜಿಡ್ಡು ಸಾಕು ಅಂತ ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದ್ಯಲ್ಲ," ಹಿಂದಿನ ಬೆಂಚಿನಿಂದ ಲೊರೆಟಾ ಅಂದಳು. ಆಗಸ್ಟಿನಲ್ಲಿ ತೀರಿಕೊಂಡ ಡೋಯಲ್‌ನ ಹೆಂಡತಿ ಅವಳು. ಗುರಿ ಹೊಡೆಯುವ ಸ್ಪರ್ಧೆಯ ಸಾಲಿನಲ್ಲಿ ವರ್ಲಿನ್‌ನ ಎಡಗಡೆ ಡೋಯಲ್ ನಿಲ್ಲುತ್ತಿದ್ದ ಜಾಗಕ್ಕೆ ಇವತ್ತು ಯಾರೂ ಬಂದಿರಲಿಲ್ಲ.

"ಸಾಕಾಗ್ತಿತ್ತು ಕಣೇ. ಜೇನುಮೇಣ ಜಾಸ್ತಿ, ಕುರಿಕೊಬ್ಬು ಕಮ್ಮಿ. ಒಂದು ಚಳಿಗಾಲಾನೂ ಕೈ ಕೊಟ್ಟಿರಲಿಲ್ಲ. ಈ ವಾದದಲ್ಲಿ ನಿನ್ನ ಗಂಡ ಒಂದ್ಸಲಾನೂ ಗೆದ್ದಿಲ್ಲ."

"ಗೆಲ್ಲೋದು ಅವನಿಗೆ ಬೇಕಿರಲಿಲ್ಲ ಮಾರಾಯ. ಪ್ರತಿ ನವೆಂಬರ್‌ನಲ್ಲೂ ನೀನು ಕಾಫಿ ತರೋಕೆ ಹೋದಾಗ ನಿನ್ನ ಡಬ್ಬಿ ಎತ್ತಿಟ್ಟು, ಚಳಿಗೆ ಗಟ್ಟಿಯಾಗದ ಹಾಗೆ ಕೊಬ್ಬು ಜಾಸ್ತಿ ಹಾಕಿ ತಾನು ಕಾಸಿದ್ದನ್ನ ನಿನ್ನ ಚೀಲಕ್ಕೆ ಸೇರಿಸ್ತಿದ್ದ. ಡಬ್ಬಿ ಥೇಟ್ ನಿನ್ನದರ ಹಾಗೇ. ಮುಚ್ಚಳದ ಮೇಲಿನ ಗೀರೂ ಅವನೇ ಕೆತ್ತಿದ್ದು. ಚಳಿ ಹೋದ ಮೇಲೆ ನಿನ್ನದನ್ನ ವಾಪಸ್ ಇಡ್ತಿದ್ದ."

ವರ್ಲಿನ್ ಡಬ್ಬಿ ಮುಚ್ಚಿ, ಕೋಟಿನೊಳಗೆ ಕಂಕುಳಲ್ಲಿ ಅವುಚಿಕೊಂಡು ನಿಂತ. ಅವನ ಸರದಿ ಬಂದಿತ್ತು. ಹೆಸರನ್ನು ಎರಡು ಸಲ ಕೂಗಿದರು. ಅವನು ಖಾಲಿ ಜಾಗವನ್ನೇ ನೋಡುತ್ತಿದ್ದ.

"ಕೊಬ್ಬು ಎಷ್ಟು ಹಾಕ್ತಿದ್ದ?"

"ನನಗೆ ಹೇಳಿಲ್ಲ," ಲೊರೆಟಾ ಅಂದಳು. "ಇವತ್ತಲ್ಲ ನಾಳೆ ವರ್ಲಿನ್ ಬಂದು ಕೇಳ್ತಾನೆ, ಅವನಿಗೇ ಹೇಳ್ತೀನಿ ಅಂತಿದ್ದ."